ಋಣಕ್ಕೆ ಮೂಲವಿಲ್ಲ: ಮಹಾವೀರಾಚಾರ್ಯರ ಒಂದು ಸೂತ್ರ ಮತ್ತು ಸಮ್ಮಿಶ್ರ ಸಂಖ್ಯೆಗಳು

ಅಮೋಘವರ್ಷ ನೃಪತುಂಗನ ಹೆಸರು ಬಂದೊಡನೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ, ಶ್ರೀವಿಜಯನ ಕರ್ತೃತ್ವದ ಚರ್ಚೆ ನೆನಪಾಗುತ್ತದೆ. ಜಿನಸ್ತುತಿಯ ಬೆನ್ನಿಗೇ ಇದೇ ಅರಸನನ್ನು ಕೊಂಡಾಡುವ ಮತ್ತೊಂದು ಕೃತಿ, ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’, ನಮ್ಮ ಓದಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸುಮಾರು ಕ್ರಿ.ಶ. 850ರ ಈ ಸಂಸ್ಕೃತ ಗ್ರಂಥ ಸಾವಿರಕ್ಕೂ ಮಿಕ್ಕ ಪದ್ಯಗಳಲ್ಲಿದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 1963ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಹಿಂದಿ ಅನುವಾದವೂ 2000ದಲ್ಲಿ ಹೊಂಬುಜದಿಂದ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದವು. ಆದುದರಿಂದ ಭಾಷೆ ಬಾರದೆಂಬ ನೆಪ ಇಂದು ಯಾರಿಗೂ ಇಲ್ಲ.

ಗ್ರಂಥದ ಆರಂಭದಲ್ಲಿ ಆಚಾರ್ಯರು ಗಣಿತವು ಎಲ್ಲೆಲ್ಲಿ ಮಾನ್ಯವೆಂಬುದನ್ನು ಎಣಿಸಿ ಹೇಳುತ್ತಾರೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು ಇವುಗಳ ಜೊತೆಗೆ ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣಗಳೂ ಆ ಪಟ್ಟಿಯಲ್ಲಿವೆ. ಗಣಿತ ಬೇರೆ, ಸಾಹಿತ್ಯ ಬೇರೆ ಎಂಬ ಈಗಿನ ವಿಭಾಗ ಮಾನ್ಯಖೇಟದಲ್ಲಿ ಇರಲಿಲ್ಲವೆನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ. ಈ ಧೈರ್ಯದ ಮೇಲೆಯೇ ಇಂದು ನಾನು ಪದವಿಪೂರ್ವ ಗಣಿತದ ಒಂದು ಅಧ್ಯಾಯದ ಬಗ್ಗೆ ಬರೆಯಲು ಹೊರಟಿದ್ದೇನೆ.

ಸಂಜ್ಞಾಧಿಕಾರವೆಂಬ ಮೊದಲ ಅಧಿಕಾರದಲ್ಲಿ ಒಂದು ಪದ್ಯವಿದೆ. ಅದರ ತಾತ್ಪರ್ಯ ಇಷ್ಟು: ಧನಸಂಖ್ಯೆಯ ವರ್ಗವೂ ಧನ, ಋಣಸಂಖ್ಯೆಯ ವರ್ಗವೂ ಧನ, ಆ ವರ್ಗಗಳ ಮೂಲಗಳು ಕ್ರಮವಾಗಿ ಧನ ಮತ್ತು ಋಣ, ಋಣವು ತನ್ನ ಸ್ವರೂಪದಿಂದಲೇ ವರ್ಗವಲ್ಲವಾದುದರಿಂದ ಅದಕ್ಕೆ ಮೂಲವಿಲ್ಲ. ಮೂಲವೆಂಬ ಅರ್ಥದಲ್ಲಿ ಇಲ್ಲಿ ಬಳಕೆಯಾಗಿರುವುದು ‘ಪದ’ ಎಂಬ ಶಬ್ದ. ಅಲಂಕಾರಶಾಸ್ತ್ರವನ್ನು ಓದಿ ಬಂದವರು ಈ ಪಾರಿಭಾಷಿಕಾರ್ಥವನ್ನು ಗಮನಿಸದಿದ್ದರೆ ಸಾಲು ಕೈಗೆ ಸಿಕ್ಕುವುದಿಲ್ಲ. ಧನವೆಂದರೆ ಸಂಪತ್ತು, ಋಣವೆಂದರೆ ಸಾಲ. ಈ ರೂಪಕಗಳು ಆಗಲೇ ಹಳೆಯವು. 628ರಲ್ಲಿ ಬ್ರಹ್ಮಗುಪ್ತನು ಧನ, ಋಣ, ಶೂನ್ಯಗಳ ನಿಯಮಗಳನ್ನು ಕೊಟ್ಟಿದ್ದನು. ಮಹಾವೀರಾಚಾರ್ಯರು ಆ ನಿಯಮಗಳ ಒಳಗೇ ನಿಂತು ಒಂದು ಹೆಜ್ಜೆ ಮುಂದೆ ನೋಡಿದರು. ಒಂದು ಸಾಲದ ಮೊತ್ತವು ಯಾವುದರ ವರ್ಗ ಎಂದು ಕೇಳಿಕೊಂಡರು, ಯಾವುದರದೂ ಅಲ್ಲವೆಂದರು, ಏಕೆಂಬುದನ್ನೂ ಹೇಳಿದರು.

ಈ ಪದ್ಯವನ್ನು ಕುರಿತು ಎರಡು ಬಗೆಯ ಮಾತುಗಳನ್ನು ಕೇಳುತ್ತ ಬಂದಿದ್ದೇನೆ. ಸಭೆಗಳಲ್ಲಿ ಅಭಿಮಾನಿಗಳು, ಯುರೋಪಿಗಿಂತ ಏಳು ಶತಮಾನ ಮೊದಲೇ ನಮ್ಮ ಆಚಾರ್ಯರು ಕಾಲ್ಪನಿಕ ಸಂಖ್ಯೆಯನ್ನು ಕಂಡುಹಿಡಿದಿದ್ದರು ಎನ್ನುತ್ತಾರೆ. ಇಲ್ಲವೆಂದವರನ್ನು ಇದೆಯೆಂದವರನ್ನಾಗಿ ಮಾಡುವ ಈ ವ್ಯಾಖ್ಯಾನಕ್ಕೆ ಪಠ್ಯದ ಆಧಾರವಿಲ್ಲ. ಇನ್ನು ಕೆಲವರು, ಪಾಪ, ಆ ಕಾಲದಲ್ಲಿ ಅಷ್ಟೇ ತಿಳಿದಿತ್ತು ಎಂದು ಮುಗುಳ್ನಗುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ. ಏಕೆಂದರೆ ಅದು ವಿನಯದ ವೇಷದಲ್ಲಿ ಬರುತ್ತದೆ. ಆಚಾರ್ಯರ ಮಾತೆಲ್ಲವೂ ಇಂದಿಗೂ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ. ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಅವರೇ ಬರೆದಿರುವುದು ನಿಲ್ಲುವುದಿಲ್ಲ. ಆದರೆ ಋಣದ ಮೂಲವನ್ನು ಕುರಿತ ಮಾತು ನಿಲ್ಲುತ್ತದೆ. ಸಮ್ಮಿಶ್ರ ಸಂಖ್ಯೆಗಳು ಬಂದ ಮೇಲೂ ನಿಲ್ಲುತ್ತದೆ. ಹೇಗೆಂಬುದೇ ಈ ಬರಹದ ವಿಷಯ.

ಕಾಣದುದಕ್ಕೆ ಹೆದರುವ ಪರಂಪರೆ ಅವರದಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಸಂಖ್ಯಾತ, ಅಸಂಖ್ಯಾತ, ಅನಂತವೆಂದು ಎಣಿಕೆಯನ್ನು ವಿಂಗಡಿಸಿ, ಅನಂತದಲ್ಲಿಯೇ ಮತ್ತೆ ಭೇದಗಳನ್ನು ಎಣಿಸಿದವರು ಜೈನಾಚಾರ್ಯರು. ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದು ಬಂದ ‘ಧವಲಾ’ ಟೀಕೆಯಲ್ಲಿ ವೀರಸೇನಾಚಾರ್ಯರು ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಎಂಬ ಲೆಕ್ಕವನ್ನು ಅರ್ಧಚ್ಛೇದವೆಂದು ಕರೆದು ಶಾಸ್ತ್ರವನ್ನಾಗಿಸಿದ್ದಾರೆ. ಅಂಥ ಪರಂಪರೆಯಲ್ಲಿ ಬಂದವರು ಋಣಕ್ಕೆ ಮೂಲವಿಲ್ಲವೆಂದಾಗ ಅದು ಅಂಜಿಕೆಯ ಮಾತಾಗಿರಲಾರದು. ‘ಸಿಗಲಿಲ್ಲ’ ಎಂದಿಲ್ಲ, ‘ಸ್ವರೂಪದಿಂದ ಇಲ್ಲ’ ಎಂದಿದ್ದಾರೆ. ದ್ರವ್ಯದ ಸ್ವರೂಪವೇನು, ಸ್ವಭಾವವೇನು ಎಂದು ಹಗಲಿರುಳು ವಾದಿಸುತ್ತಿದ್ದ ವಲಯದಲ್ಲಿ ಈ ಶಬ್ದವನ್ನು ಯಾರೂ ಹಗುರವಾಗಿ ಬಳಸುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನ ‘ಬೀಜಗಣಿತ’ ಇದೇ ಮಾತನ್ನು ಪುನಃ ಹೇಳಿತು. ಆ ಗ್ರಂಥಕ್ಕೆ 1600ರ ಸುಮಾರಿಗೆ ಟೀಕೆ ಬರೆದ ಕೃಷ್ಣದೈವಜ್ಞ, ಮುಂದೆ ಜಹಾಂಗೀರನ ಆಶ್ರಯದಲ್ಲಿದ್ದವನು, ಒಬ್ಬ ಪೂರ್ವಪಕ್ಷಿಯನ್ನು ಎದುರಿಗೆ ನಿಲ್ಲಿಸುತ್ತಾನೆ. ಋಣವು ವರ್ಗವಾಗಕೂಡದೆಂದು ರಾಜಾಜ್ಞೆಯೇನೂ ಆಗಿಲ್ಲವಲ್ಲ ಎಂದು ಅವನ ಕೊಂಕು. ಟೀಕಾಕಾರ ಸಿಟ್ಟಾಗುವುದಿಲ್ಲ. ಸರಿ, ವರ್ಗವೆನ್ನುವುದಾದರೆ ಯಾವುದರ ವರ್ಗವೆಂದು ನೀನೇ ಹೇಳು ಎನ್ನುತ್ತಾನೆ. ಧನದ್ದಲ್ಲ, ಅದರ ವರ್ಗ ಧನವೇ ಆಗುತ್ತದೆ. ಋಣದ್ದೂ ಅಲ್ಲ, ಅದರದೂ ಧನವೇ. ವರ್ಗ ಮಾಡಿದಾಗ ಋಣವಾಗುವ ಯಾವ ಸಂಖ್ಯೆಯೂ ನಮಗೆ ಕಾಣುತ್ತಿಲ್ಲ ಎಂಬುದು ಅವನ ನಿಗಮನ. ಶಾಸ್ತ್ರದ ನಿಷೇಧವು ಅಪ್ಪಣೆಯಲ್ಲ, ತರ್ಕ ಎಂಬುದಕ್ಕೆ ಇಷ್ಟು ಸೊಗಸಾದ ಉದಾಹರಣೆಯನ್ನು ನಾನು ಹೆಚ್ಚು ಕಂಡಿಲ್ಲ. ಈ ವಾದವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು; ಕಡೆಯಲ್ಲಿ ಅದು ಮತ್ತೆ ಬೇಕಾಗುತ್ತದೆ.

ನಮ್ಮ ಬಂಧುಗಳ ಮಗಳೊಬ್ಬಳು ಪ್ರಥಮ ಪಿಯುಸಿಯಲ್ಲಿ ಓದುತ್ತಿದ್ದಾಗ ಪುಸ್ತಕ ಹಿಡಿದುಕೊಂಡು ಬಂದು ಕೇಳಿದ್ದಳು: “ಅಜ್ಜಾ, ಶೋಧಕ ಸೊನ್ನೆಗಿಂತ ಕಡಿಮೆಯಾದರೆ ಮೂಲ ಇಲ್ಲ ಅಂತ ಹೋದ ವರ್ಷ ಬರೆಸಿದರು. ಈಗ ಇದೆ ಅಂತಾರೆ. ಹೋದ ವರ್ಷದ್ದು ಸುಳ್ಳಾ?” ಹತ್ತನೆಯ ತರಗತಿಯ ಪುಸ್ತಕ ‘ವಾಸ್ತವ ಮೂಲಗಳಿಲ್ಲ’ ಎಂದು ಎಚ್ಚರದಿಂದಲೇ ಬರೆದಿರುತ್ತದೆ, ಬಾಯಿಪಾಠದಲ್ಲಿ ಆ ವಿಶೇಷಣ ಉದುರಿಹೋಗುತ್ತದೆ. ಅವಳ ಹೊಸ ಪುಸ್ತಕದ ಅಧ್ಯಾಯ, ವರ್ಗಕ್ಕೆ ಒಂದನ್ನು ಕೂಡಿಸಿದರೆ ಸೊನ್ನೆ ಬರಬೇಕೆಂಬ ಸಮೀಕರಣದಿಂದ ಆರಂಭವಾಗಿತ್ತು. ಇದಕ್ಕೆ ಉತ್ತರವಿಲ್ಲ, ಆದುದರಿಂದ ಹೊಸ ಸಂಖ್ಯೆಯೊಂದನ್ನು ಕಲ್ಪಿಸೋಣ ಎಂದು ಎರಡನೆಯ ಸಾಲು. ಬುದ್ಧಿಯುಳ್ಳ ಮಗು ಇಲ್ಲಿ ಸಂಶಯಪಡಬೇಕಾದದ್ದೇ ನ್ಯಾಯ. ಉತ್ತರವಿಲ್ಲದ ಪ್ರಶ್ನೆಗೆಲ್ಲ ಒಂದೊಂದು ಹೆಸರು ಕಲ್ಪಿಸುತ್ತ ಹೋದರೆ ಶಾಸ್ತ್ರಕ್ಕೆ ಎಲ್ಲೆಯೆಲ್ಲಿ? ಚರಿತ್ರೆಯಲ್ಲಿ ಸಂಗತಿ ಹಾಗೆ ನಡೆಯಲೂ ಇಲ್ಲ. ಆ ಸಮೀಕರಣಕ್ಕೆ ಉತ್ತರ ಬೇಕೆಂದು ಯಾರೂ ಹಟ ಹಿಡಿದಿರಲಿಲ್ಲ. ಋಣದ ಮೂಲ ಒಳನುಗ್ಗಿದ್ದು ಉತ್ತರವುಳ್ಳ ಸಮೀಕರಣದ ಬಾಗಿಲಿನಿಂದ.

ಹದಿನಾರನೆಯ ಶತಮಾನದ ಇಟಲಿಯಲ್ಲಿ ಘನ ಸಮೀಕರಣಗಳ ಪರಿಹಾರ ಪಂಡಿತರ ಗುಟ್ಟಿನ ಆಸ್ತಿಯಾಗಿತ್ತು. ತಾರ್ತಾಲಿಯಾ ಎಂಬಾತ ತನ್ನ ವಿಧಾನವನ್ನು 1539ರಲ್ಲಿ ಕಾರ್ದಾನೋ ಎಂಬ ವೈದ್ಯನಿಗೆ, ಯಾರಿಗೂ ಹೇಳಕೂಡದೆಂಬ ಮಾತಿನ ಮೇಲೆ, ಪದ್ಯರೂಪದಲ್ಲಿ ಕೊಟ್ಟನು. ಸೂತ್ರಗಳನ್ನು ಛಂದಸ್ಸಿನಲ್ಲಿ ಕಟ್ಟುವುದು ಪೂರ್ವದೇಶದವರ ವಿಚಿತ್ರ ಅಭ್ಯಾಸವೆಂದು ತಿಳಿದವರು ಇದನ್ನು ಗಮನಿಸಬೇಕು. ಕಾರ್ದಾನೋ 1545ರಲ್ಲಿ ತನ್ನ ‘ಆರ್ಸ್ ಮಾಗ್ನಾ’ದಲ್ಲಿ ಅದನ್ನು ಪ್ರಕಟಿಸಿಯೇಬಿಟ್ಟನು, ಜಗಳದ ಕಥೆ ಇಲ್ಲಿ ಬೇಡ. ಅದೇ ಪುಸ್ತಕದಲ್ಲಿ ಅವನು ಹತ್ತನ್ನು ಎರಡು ಭಾಗ ಮಾಡಿ ಅವುಗಳ ಗುಣಲಬ್ಧ 40 ಬರುವಂತೆ ಮಾಡಿರೆಂಬ ಲೆಕ್ಕವನ್ನೂ ಕೊಟ್ಟಿದ್ದಾನೆ. ಎರಡು ಐದುಗಳನ್ನು ಗುಣಿಸಿದರೂ 25ನ್ನು ಮೀರುವುದಿಲ್ಲವಾದುದರಿಂದ ಇದು ಅಸಾಧ್ಯ. ಆದರೂ ಐದಕ್ಕೆ √−15ನ್ನು ಕೂಡಿಸಿದ್ದು ಒಂದು ಭಾಗ, ಕಳೆದದ್ದು ಇನ್ನೊಂದು ಭಾಗವೆಂದು ಇಟ್ಟುಕೊಂಡು ಗುಣಿಸಿದರೆ 25 + 15, ಅಂದರೆ 40 ಬರುತ್ತದೆ. ಕಾರ್ದಾನೋ ಇದನ್ನು ಸೂಕ್ಷ್ಮವಾದರೂ ಕೆಲಸಕ್ಕೆ ಬಾರದ್ದೆಂದು ಬದಿಗಿಟ್ಟನು. ಇಲ್ಲಿಯವರೆಗೆ ಮಾನ್ಯಖೇಟಕ್ಕೂ ಮಿಲಾನಿಗೂ ಅಭಿಪ್ರಾಯಭೇದವಿಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ಅವ್ಯಕ್ತ ಸಂಖ್ಯೆಯನ್ನು ನಮ್ಮ ಹಳೆಯ ಬೀಜಗಣಿತದ ಪದ್ಧತಿಯಂತೆ, ಯಾವತ್ತಾವತ್ ಎಂಬುದರ ಮೊದಲಕ್ಷರದಿಂದ, ‘ಯಾ’ ಎಂದು ಕರೆಯೋಣ. ‘ಯಾ’ದ ಘನವು ‘ಯಾ’ದ ಹದಿನೈದರಷ್ಟು ಮತ್ತು ನಾಲ್ಕರ ಮೊತ್ತಕ್ಕೆ ಸಮ. ಅಂದರೆ ಯಾ³ = 15ಯಾ + 4. ಉತ್ತರ ಹುಡುಕಲು ಪಂಡಿತರು ಬೇಡ. ನಾಲ್ಕರ ಘನ 64; ಹದಿನೈದು ನಾಲ್ಕಲೆ 60, ಅದಕ್ಕೆ ನಾಲ್ಕು ಸೇರಿದರೆ 64. ಉತ್ತರ 4, ಪೂರ್ತಿ ವಾಸ್ತವ, ಧನ, ಪೂರ್ಣಾಂಕ. ಆದರೆ ಕಾರ್ದಾನೋ ಪ್ರಕಟಿಸಿದ ಸೂತ್ರದಲ್ಲಿ ಇದನ್ನು ಹಾಕಿದರೆ ಎರಡು ಘನಮೂಲಗಳ ಮೊತ್ತ ಬರುತ್ತದೆ: ಒಂದು (2 + √−121)ರ ಘನಮೂಲ, ಇನ್ನೊಂದು (2 − √−121)ರ ಘನಮೂಲ. ಕಣ್ಣೆದುರಿಗೆ ಉತ್ತರವಿದೆ, ಅದನ್ನು ತಲಪುವ ದಾರಿಯ ನಡುವೆ ಮೂಲವಿಲ್ಲದ ಋಣ ಅಡ್ಡ ನಿಂತಿದೆ.

ರಾಫೇಲ್ ಬೊಂಬೆಲ್ಲಿ ವೃತ್ತಿಯಿಂದ ಎಂಜಿನಿಯರು. ಜೌಗು ಭೂಮಿಯ ನೀರು ಹರಿಯಿಸುವ ಕೆಲಸದವನು. 1572ರ ತನ್ನ ‘ಲಾಲ್ಜೆಬ್ರಾ’ದಲ್ಲಿ ಅವನು ಈ ಜೌಗಿಗೂ ಇಳಿದನು. √−1ನ್ನು ಒಂದು ಸಂಖ್ಯೆಯೆಂದೇ ಭಾವಿಸಿ ಉಳಿದ ಎಲ್ಲ ನಿಯಮಗಳಿಂದ ನಡೆಸಿಕೊಂಡರೇನಾಗುತ್ತದೆ ಎಂದು ನೋಡಿದನು. ನಾವು ಅದನ್ನು ಇಂದಿನ ರೂಢಿಯಂತೆ ‘ಐ’ ಎನ್ನೋಣ. ಆಯ್ಲರನು 1777ರಲ್ಲಿ ಕೊಟ್ಟ ಚಿಹ್ನೆ ಅದು. ಐ × ಐ = −1, ಇಷ್ಟೇ ಹೊಸ ನಿಯಮ. √−121 ಎಂದರೆ 11ಐ. ಈಗ (2 + ಐ)ಯ ಘನವನ್ನು ಕೈಯಲ್ಲೇ ಮಾಡಿ ನೋಡಿರಿ. ವರ್ಗ 4 + 4ಐ − 1, ಅಂದರೆ 3 + 4ಐ. ಅದನ್ನು ಮತ್ತೆ 2 + ಐಯಿಂದ ಗುಣಿಸಿದರೆ 6 + 3ಐ + 8ಐ − 4, ಅಂದರೆ 2 + 11ಐ. ಹಾಗಾದರೆ ಮೊದಲನೆಯ ಘನಮೂಲ 2 + ಐ, ಎರಡನೆಯದು 2 − ಐ. ಕೂಡಿಸಿದರೆ ಐಗಳು ಪರಸ್ಪರ ಅಳಿಸಿಹೋಗಿ 4 ಉಳಿಯುತ್ತದೆ. ತನಗೂ ಮೊದಲು ಇದು ಬರಿಯ ಮಾತಿನ ಜಾಣತನದಂತೆ ತೋರಿತ್ತೆಂದು ಬೊಂಬೆಲ್ಲಿ ಒಪ್ಪಿಕೊಂಡಿದ್ದಾನೆ. ವೇಷಧಾರಿಗಳಿಬ್ಬರು ರಂಗಕ್ಕೆ ಬಂದು ಕಥೆಯನ್ನು ಮುಂದೆ ಸಾಗಿಸಿ, ಕೊನೆಯ ದೃಶ್ಯಕ್ಕೆ ಮೊದಲೇ ಒಟ್ಟಿಗೆ ನಿರ್ಗಮಿಸಿದಂತೆ! ಈ ಲೆಕ್ಕವನ್ನು ಆ ಹುಡುಗಿ ಎರಡು ಸಲ ಮಾಡಿದಳು. ನಾಲ್ಕು ಬಂದಾಗ ಅವಳ ಮುಖದಲ್ಲಿ ಕಂಡ ಸಮಾಧಾನ, ‘ಕಲ್ಪಿಸೋಣ’ ಎಂಬ ಸಾಲಿನಿಂದ ಬಂದಿರಲಿಲ್ಲ.

ಸಂಖ್ಯೆ ಒಳಗೆ ಬಂದರೂ ಅದಕ್ಕೆ ಒಳ್ಳೆಯ ಹೆಸರು ಸಿಕ್ಕಲಿಲ್ಲ. 1637ರಲ್ಲಿ ದೇಕಾರ್ತನು ಬಳಸಿದ ಶಬ್ದವೇ ಇಂಗ್ಲಿಷಿನ ‘ಇಮ್ಯಾಜಿನರಿ’ಗೂ ನಮ್ಮ ‘ಊಹಾ’, ‘ಕಾಲ್ಪನಿಕ’ ಎಂಬ ಅನುವಾದಗಳಿಗೂ ಮೂಲ. ಕಲ್ಪನೆಯು ಕವಿಗೆ ಕಿರೀಟ. ಗಣಿತಜ್ಞರ ಬಾಯಲ್ಲಿ ಅದು ತಿರಸ್ಕಾರವಾಯಿತು. ಲೈಬ್ನಿತ್ಸನಿಗೆ ಇದು ಇರುವುದಕ್ಕೂ ಇಲ್ಲದುದಕ್ಕೂ ನಡುವಿನ ಉಭಯಚರಿಯಂತೆ ಕಂಡಿತು. ಈ ಮಾತನ್ನು ಓದಿದ ಜೈನ ಓದುಗರ ಮನಸ್ಸು ಕೂಡಲೇ ಸ್ಯಾದ್ವಾದದ ಕಡೆಗೆ, ‘ಅಸ್ತಿ’ ‘ನಾಸ್ತಿ’ಗಳ ಭಂಗಗಳ ಕಡೆಗೆ ಓಡುತ್ತದೆಂದು ಬಲ್ಲೆ. ದಯವಿಟ್ಟು ಓಡಬೇಡಿ. ಸ್ಯಾದ್ವಾದಕ್ಕೆ ಗಣಿತದ ಶಿಫಾರಸು ಬೇಕಿಲ್ಲ, ಗಣಿತಕ್ಕೂ ಅದರ ಶಿಫಾರಸು ಬೇಕಿಲ್ಲ. ಇಲ್ಲಿ ಉಪಯೋಗಕ್ಕೆ ಬರುವುದು ಅದಕ್ಕಿಂತ ಸರಳವಾದ ಶಿಸ್ತು: ಒಂದು ಮಾತನ್ನು ಯಾವ ಕ್ಷೇತ್ರದಲ್ಲಿ ಹೇಳಿದೆ ಎಂದು ಕೇಳುವುದು.

1831ರಲ್ಲಿ ಗೌಸ್ ಈ ಹೆಸರುಗಳ ಮೇಲೆಯೇ ದೂರಿತ್ತನು. ಧನ, ಋಣ, ಕಾಲ್ಪನಿಕ ಎನ್ನುವ ಬದಲು ನೇರ, ವಿಲೋಮ, ಪಾರ್ಶ್ವ ಎಂದು ಕರೆದಿದ್ದರೆ ಇಷ್ಟು ಕತ್ತಲೆ ಕವಿಯುತ್ತಿರಲಿಲ್ಲ ಎಂಬುದು ಅವನ ಅಭಿಪ್ರಾಯ. ‘ಪಾರ್ಶ್ವಸಂಖ್ಯೆ’ ಎಂಬ ಹೆಸರು ನಮ್ಮ ಪಠ್ಯಗಳಿಗೆ ಬಂದಿದ್ದರೆ ನನಗಂತೂ ಇಮ್ಮಡಿ ಸಂತೋಷವಾಗುತ್ತಿತ್ತು. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸಮ್ಮಿಶ್ರ’, ‘ಸಂಕೀರ್ಣ’ ಎಂಬೆರಡೂ ಈಗ ಕನ್ನಡದಲ್ಲಿವೆ. ನಾನು ಮೊದಲನೆಯದನ್ನು ಮೆಚ್ಚುತ್ತೇನೆ. ಸಂಕೀರ್ಣವೆಂದರೆ ಮಕ್ಕಳಿಗೆ ಗೋಜಲು ಎಂಬರ್ಥ ಮೊದಲು ಹೊಳೆಯುತ್ತದೆ. ವಿಷಯದಲ್ಲಿ ಗೋಜಲಿಲ್ಲ, ಎರಡು ಬಗೆಯ ಅಳತೆಗಳ ಕೂಟವಷ್ಟೇ ಇದೆ. (ಗಣಿತಸಾರಸಂಗ್ರಹದಲ್ಲಿ ‘ಮಿಶ್ರಕ ವ್ಯವಹಾರ’ವೆಂಬ ಅಧ್ಯಾಯವುಂಟು. ಅದು ಬಡ್ಡಿ ಮುಂತಾದ ಲೆಕ್ಕಗಳದು. ಹೆಸರಿನ ಸಾಮ್ಯ ನೋಡಿ ಮೋಸಹೋಗಬಾರದು.)

ಗೌಸನ ‘ಪಾರ್ಶ್ವ’ದ ಅರ್ಥ ತಿಳಿಯಲು ಕಾರ್ಕಳದ ಚತುರ್ಮುಖ ಬಸದಿಗಿಂತ ಒಳ್ಳೆಯ ಚಿತ್ರ ನನಗೆ ತೋರದು. 1586ರದು, ಬೊಂಬೆಲ್ಲಿಯ ಪುಸ್ತಕಕ್ಕಿಂತ ಹದಿನಾಲ್ಕೇ ವರ್ಷ ಕಿರಿದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಮನಸ್ಸಿನಲ್ಲಿಯೇ ಅದರ ನಟ್ಟನಡುವೆ, ಪೂರ್ವಾಭಿಮುಖವಾಗಿ ನಿಲ್ಲಿರಿ. ಪೂರ್ವಕ್ಕೆ ಇಟ್ಟ ಹೆಜ್ಜೆ +1, ಪಶ್ಚಿಮಕ್ಕೆ ಇಟ್ಟದ್ದು −1. ಮಹಾವೀರಾಚಾರ್ಯರ ಧನ ಋಣಗಳೆರಡೂ ಈ ಒಂದೇ ಗೆರೆಯ ಮೇಲಿವೆ. −1ರಿಂದ ಗುಣಿಸುವುದೆಂದರೆ ಹಿಂದುಮುಂದಾಗಿ ತಿರುಗುವುದು; ಎರಡು ಸಲ ತಿರುಗಿದರೆ ಮೊದಲಿನಂತೆ, ಆದುದರಿಂದ ಋಣದ ವರ್ಗ ಧನ. ಈಗ ಕೇಳಿರಿ: ಯಾವ ತಿರುವನ್ನು ಎರಡು ಸಲ ಮಾಡಿದರೆ ಒಂದು ಹಿಮ್ಮುಖ ತಿರುವಾಗುತ್ತದೆ? ಗೆರೆಯ ಮೇಲೆ ಅಂಥದು ಇಲ್ಲವೇ ಇಲ್ಲ. ಬಸದಿಯ ನೆಲದ ಮೇಲೆ ಇದೆ. ಎಡಕ್ಕೆ ಕಾಲು ಸುತ್ತು. ಅದೇ ಐ. ಉತ್ತರದ ಬಾಗಿಲ ಕಡೆಗೆ ಒಂದು ಹೆಜ್ಜೆ ಐ, ದಕ್ಷಿಣಕ್ಕೆ −ಐ. ನಾಲ್ಕು ಸಲ ಗುಣಿಸಿದರೆ ಸುತ್ತು ಪೂರ್ತಿಯಾಗಿ ಮತ್ತೆ ಪೂರ್ವದ ಬಾಗಿಲು. ಗಣಿತಜ್ಞರ ಈ ಸುತ್ತು ಅಪ್ರದಕ್ಷಿಣವೆಂಬುದನ್ನು ಮಾತ್ರ ಕ್ಷಮಿಸಬೇಕು!

3 + 2ಐ ಎಂದರೆ ಪೂರ್ವಕ್ಕೆ ಮೂರು, ಉತ್ತರಕ್ಕೆ ಎರಡು ಹೆಜ್ಜೆ ನಡೆದು ಸೇರುವ ಸ್ಥಾನ. ಅದನ್ನು ಐಯಿಂದ ಗುಣಿಸಿದರೆ −2 + 3ಐ, ಪಶ್ಚಿಮಕ್ಕೆ ಎರಡು, ಉತ್ತರಕ್ಕೆ ಮೂರು. ಸ್ಥಾನವು ಕಾಲು ಸುತ್ತು ತಿರುಗಿತು, ನಡುವಿನಿಂದ ದೂರ ಬದಲಾಗಲಿಲ್ಲ. ಎರಡು ಸಮ್ಮಿಶ್ರ ಸಂಖ್ಯೆಗಳನ್ನು ಗುಣಿಸಿದರೆ ದೂರಗಳ ಗುಣಾಕಾರ, ಕೋನಗಳ ಸಂಕಲನ. ಐಗೂ ವರ್ಗಮೂಲ ಬೇಕೆಂದರೆ ಮತ್ತೊಂದು ಹೊಸ ಸಂಖ್ಯೆ ಬೇಕಾಗುವುದಿಲ್ಲ. ಕಾಲು ಸುತ್ತಿನ ಅರ್ಧ ತಿರುಗಿದರೆ, ಈಶಾನ್ಯಕ್ಕೆ ಮುಖ ಮಾಡಿದರೆ ಸಾಕು. ಉತ್ತರವಿಲ್ಲದ ಪ್ರಶ್ನೆಗೆಲ್ಲ ಹೆಸರು ಕಲ್ಪಿಸುತ್ತ ಹೋಗಬೇಕಾದೀತೆಂಬ ಭಯ ಇಲ್ಲಿ ನೀಗುತ್ತದೆ. ಈ ಚಿತ್ರವನ್ನು ಮೊದಲು ಕೊಟ್ಟವನು ನಾರ್ವೆಯಲ್ಲಿ ಹುಟ್ಟಿದ ಭೂಮಾಪಕ ವೆಸ್ಸೆಲ್. 1797ರಲ್ಲಿ ಡೆನ್ಮಾರ್ಕಿನ ಅಕಾಡೆಮಿಯ ಮುಂದೆ ಮಂಡಿಸಿದನು. ನೂರು ವರ್ಷ ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. 1806ರಲ್ಲಿ ಆರ್ಗಾನನಿಗೂ ಸ್ವತಂತ್ರವಾಗಿ ಹೊಳೆಯಿತು. ಜೌಗು ಬರಿದುಮಾಡುವವನು, ಭೂಮಿ ಅಳೆಯುವವನು: ಈ ಸಂಖ್ಯೆಗೆ ಆಶ್ರಯ ಕೊಟ್ಟವರು ನೆಲದ ಮೇಲೆ ನಡೆದವರೇ.

ಈಗ ಕೃಷ್ಣದೈವಜ್ಞನ ವಾದಕ್ಕೆ ಬರಬಹುದು. ಐ ಧನವೇ? ಧನವಾದರೆ ಅದರ ವರ್ಗ ಧನವಾಗಬೇಕು, ಆದರೆ ಅದು −1. ಋಣವೇ? ಆಗಲೂ ವರ್ಗ ಧನವಾಗಬೇಕು, ಆಗದು. ಶೂನ್ಯವಂತೂ ಅಲ್ಲ. ಇಂದಿನ ಯಾವ ಬೀಜಗಣಿತದ ಪುಸ್ತಕದಲ್ಲಿಯೂ ಸಿಗುವ ಸಾಧನೆ ಇದೇ, ಹೆಜ್ಜೆ ಹೆಜ್ಜೆಗೂ ಇದೇ. ನಿಗಮನ ಮಾತ್ರ ಬೇರೆ. ಟೀಕಾಕಾರ ‘ಅಂಥ ಸಂಖ್ಯೆ ಕಾಣದು’ ಎಂದು ನಿಲ್ಲಿಸಿದನು. ಇಂದಿನವರು ‘ಐಯು ಧನವೂ ಅಲ್ಲ, ಋಣವೂ ಅಲ್ಲ’ ಎನ್ನುತ್ತಾರೆ. ಧನ ಋಣವೆಂಬ ವಿಭಾಗವಿರುವ ಕಡೆಯಲ್ಲೆಲ್ಲ ಮಹಾವೀರಾಚಾರ್ಯರ ಸೂತ್ರ ಅಕ್ಷರಶಃ ಸತ್ಯ. ಋಣಕ್ಕೆ ಮೂಲ ಬೇಕೆನ್ನುವವರು ಆ ವಿಭಾಗವನ್ನೇ ಬಿಟ್ಟುಕೊಡಬೇಕು. ಸಮ್ಮಿಶ್ರ ಸಂಖ್ಯೆಗಳಲ್ಲಿ ಎರಡನ್ನು ಮುಂದಿಟ್ಟು ಇದು ಹೆಚ್ಚು, ಇದು ಕಡಿಮೆ ಎಂದು ಗುಣಾಕಾರಕ್ಕೆ ಒಪ್ಪುವಂತೆ ಕ್ರಮ ಕಟ್ಟಲಾಗುವುದಿಲ್ಲ. ಬಸದಿಯ ನೆಲದ ಮೇಲೆ ಈಶಾನ್ಯದ ಮೂಲೆ ವಾಯವ್ಯಕ್ಕಿಂತ ದೊಡ್ಡದೇ ಎಂದು ಕೇಳಿದಂತೆ ಅದು. ಕೊಂಡದ್ದಕ್ಕೆ ತೆತ್ತ ಬೆಲೆ ಇದು. ಪಠ್ಯಪುಸ್ತಕ ಈ ಬೆಲೆಯನ್ನು ಹೇಳದೆ ಸರಕನ್ನು ಕೊಡುತ್ತದೆ.

ಹೇಳದಿದ್ದರೆ ಏನಾಗುತ್ತದೆ ಎಂಬುದು ಪರೀಕ್ಷೆಯ ಕೊಠಡಿಯಲ್ಲಿ ಕಾಣುತ್ತದೆ. √−4 ಮತ್ತು √−9ನ್ನು ಗುಣಿಸಿರೆಂದರೆ ವಿದ್ಯಾರ್ಥಿಗಳು ಮೂಲದ ಚಿಹ್ನೆಯೊಳಗೆ ಎರಡನ್ನೂ ಗುಣಿಸಿ √36, ಅಂದರೆ 6 ಎಂದು ಬರೆದುಬಿಡುತ್ತಾರೆ. ಸರಿಯಾದ ದಾರಿ 2ಐ × 3ಐ = 6 × (−1) = −6. ಹೀಗೇಕೆಂದು ಕೇಳಿದರೆ ‘ಋಣಕ್ಕೆ ಆ ನಿಯಮ ಅನ್ವಯಿಸುವುದಿಲ್ಲ, ಬಾಯಿಪಾಠ ಮಾಡಿ’ ಎಂಬ ಉತ್ತರ ಸಿಗುತ್ತದೆ. ಇದು ನಿಜವಾಗಿಯೂ ರಾಜಾಜ್ಞೆ. ಕಾರಣ ಆಚಾರ್ಯರ ಪದ್ಯದ ನಡುವಿನ ಪಾದಾರ್ಥದಲ್ಲಿಯೇ ಇದೆ: ಒಂದು ವರ್ಗಕ್ಕೆ ಎರಡು ಮೂಲಗಳು, ಒಂದು ಧನ, ಒಂದು ಋಣ. 36ರ ಮೂಲಗಳು 6 ಮತ್ತು −6. ಮೂಲದ ಚಿಹ್ನೆ ಬರೆದಾಗಲೆಲ್ಲ ನಾವು ಎರಡರಲ್ಲಿ ಧನವನ್ನು ಆರಿಸಿಕೊಳ್ಳುತ್ತೇವೆ; ಗುಣಾಕಾರದ ನಿಯಮ ಆ ಆಯ್ಕೆಯ ಬಲದ ಮೇಲೆ ನಿಂತಿದೆ. −1ರ ಮೂಲಗಳು ಐ ಮತ್ತು −ಐ. ಇವುಗಳಲ್ಲಿ ಧನ ಯಾವುದು? ಯಾವುದೂ ಅಲ್ಲ. ಒಂದಕ್ಕೆ ಐ ಎಂದು ಹೆಸರಿಟ್ಟದ್ದು ನಮ್ಮ ಅನುಕೂಲಕ್ಕೆ. ಉತ್ತರದ ಬಾಗಿಲನ್ನೂ ದಕ್ಷಿಣದ ಬಾಗಿಲನ್ನೂ ಒಂದಕ್ಕೊಂದು ಬದಲಾಯಿಸಿದರೆ ಇಡೀ ಶಾಸ್ತ್ರ ಒಂದಕ್ಷರವೂ ತಪ್ಪದೆ ಹಾಗೆಯೇ ನಡೆಯುತ್ತದೆ.